ಡಾಂಬರಿನಡಿ ಹೋದ ಮನೆ ನಂಬರು

ಪಡಸಾಲೆಗೆ ಟೈಲ್ಸ್ ಹಾಕಿಸೋಣ ಎಂದು ನಮ್ಮ ಮನೆಯವರು ಹೇಳುತ್ತ ಬಂದು ಎಷ್ಟೋ ವರ್ಷವಾಗಿತ್ತು. ಈ ಸಲ ಭತ್ತದ ರಾಶಿ ಮುಗಿದ ಮೇಲೆ ಗೌಂಡಿಯನ್ನು ಕರೆಸಿಯೇ ಬಿಟ್ಟರು. ಅವನು ಹಳೆಯ ಪರಸಿ ಕಲ್ಲುಗಳನ್ನೆಲ್ಲ ತಿಕ್ಕಿ ತೊಳೆದು, ಕಂಬದ ಪಕ್ಕದ ಮೆಟ್ಟಿಲಿನ ಹತ್ತಿರ ಬಂದು ನಿಂತುಕೊಂಡ.

"ಅಕ್ಕಾರ, ಇಲ್ಲಿ ಏನ್ ಚೆಲ್ಲಿದ್ರಿ? ಉಳಿ ಹಾಕಿದ್ರೂ ಹೋಗವಲ್ದು."

ಅಂಗೈಯಗಲದ ಕಪ್ಪು ಕಲೆ. ಡಾಂಬರಿನದು. ಸೀಮೆಎಣ್ಣೆ ಹಚ್ಚಿ ನಾನೂ ಒಂದು ಕಾಲದಲ್ಲಿ ತಿಕ್ಕಿದ್ದೆ. ಆಮೇಲೆ ಬಿಟ್ಟೆ.

"ಹೋಗಂಗಿಲ್ಲ ಅದು. ಮ್ಯಾಲ ಟೈಲ್ಸ್ ಹಾಕಿಬಿಡು," ಎಂದೆ. ಹೇಳಿ ಒಳಗೆ ಹೋಗಿ ಚಹಾಕ್ಕೆ ಇಟ್ಟವಳು, ಹಾಲು ಉಕ್ಕುವವರೆಗೂ ಆ ಕಲೆಯ ಮೇಲೆ ಕೂರುತ್ತಿದ್ದವಳನ್ನೇ ನೆನೆಯುತ್ತ ನಿಂತೆ.

ನಮ್ಮ ಮನೆಯ ಪಡಸಾಲೆಯೇ ಊರಿನ ಟಪಾಲು ಕಚೇರಿ. ಮೊದಲು ಮಾವನವರು ನಡೆಸುತ್ತಿದ್ದರು, ಅವರ ನಂತರ ಆ ಮೇಜಿನ ಮುಂದೆ ನಾನು ಕೂತೆ. ಒಂದು ಕಬ್ಬಿಣದ ಪೆಟ್ಟಿಗೆ, ತಕ್ಕಡಿ, ಮುದ್ರೆ, ಮಸಿಯ ಡಬ್ಬಿ, ಇಷ್ಟೇ ನಮ್ಮ ಸರ್ಕಾರ. ನಾನು ಕುಷ್ಟಗಿ ಕಡೆಯ ಒಣ ಸೀಮೆಯವಳು. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ, ಹಿತ್ತಲ ಬಾಗಿಲು ತೆಗೆದರೆ ಅಷ್ಟು ದೂರಕ್ಕೂ ನೀರೇ ಕಾಣುವುದು ನೋಡಿ ಮತ್ತೆ ಬಾಗಿಲು ಮುಚ್ಚಿಬಿಡುತ್ತಿದ್ದೆ. ತುಂಗಭದ್ರೆಯ ಹಿನ್ನೀರು ಅದು. ಶ್ರಾವಣ ಕಳೆದು ಜಲಾಶಯ ತುಂಬಿದರೆ ನಮ್ಮ ಹಿತ್ತಲ ಗೋಡೆಯ ತನಕ ಬರುತ್ತದೆ. ಬೇಸಿಗೆಯಲ್ಲಿ ಸರಿದು ಸರಿದು, ಕೊನೆಗೆ ದೂರದಲ್ಲೊಂದು ಹೊಳಪು ಮಾತ್ರ ಉಳಿಯುತ್ತದೆ. ಊರಿನ ಕೊನೆಯ ಮನೆ ನಮ್ಮದು. ಅದರಾಚೆಗೆ ಮನೆಯಿಲ್ಲ. ಹಾಗೆಂದು ಬಹಳ ದಿನ ನಾನು ತಿಳಿದುಕೊಂಡಿದ್ದೆ.

ಕೊಪ್ಪಳ ಹೊಸದಾಗಿ ಜಿಲ್ಲೆಯಾದ ಕಾಲ. ಇನ್ನು ರಾಯಚೂರಿಗೆ ಅಲೆಯುವುದು ತಪ್ಪಿತು, ಎಲ್ಲ ಕೆಲಸ ಹತ್ತಿರವೇ ಆಗುತ್ತದೆ ಎಂದು ಮಂದಿ ಹೇಳಿಕೊಳ್ಳುತ್ತಿದ್ದರು. ಅಂಥ ಒಂದು ದಿನ ಮಧ್ಯಾಹ್ನ ಒಬ್ಬ ಹೆಂಗಸು ಬಂದು ಮೆಟ್ಟಿಲ ಮೇಲೆ ಕೂತಳು. ಬೆಂಚಿತ್ತು, ಅದರ ಮೇಲೆ ಕೂರಲಿಲ್ಲ. ಕೂತದ್ದೂ ನನ್ನ ಕಡೆ ಮುಖ ಮಾಡಿ ಅಲ್ಲ, ಹಿತ್ತಲ ಓಣಿಯ ಕಡೆಗೆ ಓರೆಯಾಗಿ. ಗಿಡ್ಡ ಆಳು, ಬಿಸಿಲಿಗೆ ಕಪ್ಪಾಗಿಹೋದ ಮೈ, ಒಂದು ಭುಜ ಇನ್ನೊಂದಕ್ಕಿಂತ ದಪ್ಪ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೀನಿನ ವಾಸನೆ ಆಕೆಗಿಂತ ಮೊದಲೇ ಒಳಗೆ ಬಂದಿತ್ತು.

"ಮುದುಕರಿಗೆ ಪಗಾರ ಕೊಡ್ತಾರಂತಲ್ರಿ ಅಕ್ಕಾರ. ಇಲ್ಲೇ ಕೊಡ್ತೀರೇನು?"

ವೃದ್ಧಾಪ್ಯ ವೇತನಕ್ಕೆ ನಮ್ಮ ಕಡೆ ಪಗಾರ ಎಂದೇ ಹೆಸರು. ಇಲ್ಲಿಗೆ ಬರುತ್ತದೆ, ಆದರೆ ಕೊಡುವವರು ತಾಲ್ಲೂಕು ಕಚೇರಿಯವರು, ಮೊದಲು ಊರಿನ ಲೆಕ್ಕ ನೋಡುವ ತಲಾಟಿಯವರು ಬರೆದುಕೊಡಬೇಕು ಎಂದು ತಿಳಿಸಿ, "ಎಲ್ಲಿರ್ತೀರಿ?" ಎಂದು ಕೇಳಿದೆ.

ಆಕೆ ಹಿತ್ತಲ ಕಡೆ ಗದ್ದ ತೋರಿಸಿದಳು. "ಅಲ್ಲೇ."

ಎದ್ದು ಹೋಗಿ ನೋಡಿದೆ. ನೀರಿನ ಅಂಚಿನಲ್ಲಿ ಒಂದು ದೊಡ್ಡ ಹರಿಗೋಲು. ಬಿದಿರು ಹೆಣೆದು, ಗೊಬ್ಬರದ ಚೀಲ ಹೊದಿಸಿ, ಡಾಂಬರು ಬಳಿದ ಗುಂಡನೆಯ ಹರಿಗೋಲು. ಒಳಗೆ ಒಂದು ತಗಡಿನ ಪೆಟ್ಟಿಗೆ, ಸುತ್ತಿಟ್ಟ ಕೌದಿ, ಎರಡು ಬೋಗುಣಿ, ಬಲೆ, ಹುಟ್ಟು. ಪಕ್ಕದ ಕೆಸರಿನಲ್ಲಿ ಮೂರು ಕಲ್ಲಿನ ಒಲೆ, ಇನ್ನೂ ಹೊಗೆಯಾಡುತ್ತಿತ್ತು.

ಆಕೆಗೂ ಒಂದು ಹೆಸರಿತ್ತು. ಮುಂದೆ ತಿಂಗಳು ತಿಂಗಳು ಮನಿಆರ್ಡರಿನ ಮೇಲೆ ಅದನ್ನು ಓದಿ ಕೂಗುತ್ತಿದ್ದೆ. ಇಲ್ಲಿ ಬರೆಯುವುದಿಲ್ಲ. ಊರಿನಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಹರಗೋಲವ್ವ ಎಂದರೆ ಸಾಕಿತ್ತು. ಗಂಡ ಹೆಂಡತಿ ಇಬ್ಬರೂ ಸೇರಿ ಮೀನು ಹಿಡಿಯುತ್ತಿದ್ದವರು. ಗಂಡ ಹೋದ ಮೇಲೆ ಮೈದುನನ ಮಗ ಬಂದು ತನ್ನ ಮನೆಗೆ ಕರೆದೊಯ್ದಿದ್ದನಂತೆ. ಮೀನುಗಾರರ ಓಣಿಯಲ್ಲಿ ಅವನದೊಂದು ಮನೆ. ಒಂದು ಮಳೆಗಾಲ ಅಲ್ಲಿದ್ದು ಎದ್ದು ಬಂದಿದ್ದಳು.

"ಯಾಕ ಬಂದ್ರಿ?" ಎಂದು ಕೇಳಿದ್ದಕ್ಕೆ, "ನೆಲ ಅಲ್ಲಾಡಂಗಿಲ್ಲ. ನಿದ್ದಿ ಬರಲಿಲ್ಲ," ಎಂದಳು.

ಅದೊಂದೇ ಕಾರಣವಲ್ಲ ಎಂದು ಬರಬರುತ್ತ ಗೊತ್ತಾಯಿತು. ಆಕೆ ಅಲ್ಲಿದ್ದಾಗ ಅವರು ಗಂಡನ ಬಲೆಗಳನ್ನು ಮಾರಿದ್ದರು. ಹರಿಗೋಲನ್ನೂ ಮಾರುವ ಮಾತು ನಡೆದಿತ್ತು. ಅಷ್ಟರಲ್ಲಿ ಈಕೆ ಅದನ್ನು ನೀರಿಗೆಳೆದು ಹತ್ತಿ ಕೂತಿದ್ದಳು.

ತಲಾಟಿಯವರು ನಮ್ಮೂರಿಗೆ ಬಂದರೆ ನಮ್ಮ ಪಡಸಾಲೆಯಲ್ಲೇ ಕೂರುವುದು. ಕೆಟ್ಟ ಮನುಷ್ಯರಲ್ಲ. ಬೇಸತ್ತ ಮನುಷ್ಯರು. ಹೆಗಲ ಚೀಲ ಕೆಳಗಿಡುವ ಮೊದಲೇ ಒಂದು ನಿಟ್ಟುಸಿರು ಬಿಡುತ್ತಿದ್ದರು. ಅವರ ಮುಂದೆ ನಡೆದ ಮಾತು ಈಗಲೂ ಕಿವಿಯಲ್ಲಿದೆ.

"ಎಲ್ಲಿರ್ತಿಯವ್ವ ನೀನು?"

"ಹರಗೋಲದಾಗ್ರಿ."

"ಅದು ಮೀನ ಹಿಡಿಯಾಕ. ನಾ ಕೇಳಿದ್ದು ಇರೋದು ಎಲ್ಲಿ ಅಂತ."

"ಉಣ್ಣೋದು ಅದರಾಗ, ಮಲಗೋದು ಅದರಾಗ. ಮಳಿ ಬಂದ್ರ ಬೋರಲ ಹಾಕ್ಕೊಂಡು ಅದರ ಬುಡಕ. ಇರೋದು ಅಂದ್ರ ಇನ್ನೇನು ಮಾಡಬೇಕ್ರಿ ಸಾಹೇಬ್ರ?"

"ಅದು ಡ್ಯಾಮಿನ ಜಾಗ. ಅಲ್ಲಿ ಮನಿ ಐತಿ ಅಂತ ಬರದ್ರ ನನ್ನ ನೌಕರಿ ಹೋಕ್ಕೈತಿ. ಮ್ಯಾಲ ಆಷಾಢದಾಗ ಆ ದಂಡಿಗೆ ಹೋಗಿರ್ತಿ ಅಂತಾರ. ಅದು ಬಳ್ಳಾರಿ ಜಿಲ್ಲಾ."

"ಗಾಳಿಗೆ ಹೋಗ್ತೀನ್ರಿ. ಈ ದಂಡಿಗೆ ಅಲಿ ಬಡಿತೈತಿ. ಗಾಳಿ ತಿರುಗಿದ್ರ ಬರ್ತೀನಿ."

"ಗಾಳಿ ಹಿಂದ ತಿರಗೋರಿಗೆ ಯಾವ ಜಿಲ್ಲಾದಾಗ ಪಗಾರ ಕೊಡಬೇಕು?"

"ನಾ ಇಲ್ಲೇ ಇದ್ದೆ ನೋಡ್ರಿ," ಎಂದಳು ಆಕೆ, ಜಗಳದ ದನಿಯಲ್ಲಲ್ಲ, ನಿಜಕ್ಕೂ ತಿಳಿಯಲೆಂದು. "ರಾಯಚೂರ ಜಿಲ್ಲಾ ಎದ್ದು ಹೋಗಿ ಕೊಪ್ಪಳ ಜಿಲ್ಲಾ ಬಂತು. ಅದು ತಿರಗಬಹುದು, ನಾ ತಿರಗಬಾರದಾ?"

ತಲಾಟಿಯವರಿಗೆ ನಗು ಬಂತು. ನಕ್ಕು, ನೆತ್ತಿ ಒರೆಸಿಕೊಂಡು, ಮೈದುನನ ಮಗನ ಮನೆಯ ನಂಬರು ಬರೆಸಿಬಿಡು, ನಾಳೆಯೇ ಆಗುತ್ತದೆ ಎಂದರು. ನಾನೂ ಅದನ್ನೇ ಹೇಳಿದೆ. ಆಕೆ ಬಹಳ ಹೊತ್ತು ಓಣಿಯ ಕಡೆಗೇ ನೋಡುತ್ತಿದ್ದಳು.

"ಅವರ ಮನಿ ನಂಬರ ಬರಸಿದ್ರ ಪಗಾರ ಅವರ ಮನಿಗೆ ಬರತೈತಿ. ಪಗಾರ ಅಲ್ಲಿಗೆ ಹೋದ್ರ ಡಾಂಬರಕ್ಕ ನಾ ಯಾರನ್ನ ಕೇಳ್ಲಿ?"

ಆಗ ಅರ್ಥವಾಯಿತು ನನಗೆ. ಹೊಟ್ಟೆಗೆ ನೀರಿನಲ್ಲಿ ಹೇಗೋ ಸಿಗುತ್ತಿತ್ತು. ಪಗಾರ ಬೇಕಾಗಿದ್ದದ್ದು ಹರಿಗೋಲಿಗೆ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಅದಕ್ಕೆ ಹೊಸ ಚೀಲ ಹೊದಿಸಿ ಡಾಂಬರು ಬಳಿಯದಿದ್ದರೆ ಸೋರುತ್ತದೆ. ಎರಡು ವರ್ಷ ಬಳಿಯದಿದ್ದರೆ ಬಿದಿರು ಕೊಳೆಯುತ್ತದೆ. ಹರಿಗೋಲು ಹೋದರೆ ಆಕೆ ಹೋಗಬೇಕಾದದ್ದು ಆ ಅಲ್ಲಾಡದ ನೆಲಕ್ಕೇ. ಬಲೆ ಎಳೆಯಲು ಮೊದಲಿನ ಕಸುವಿರಲಿಲ್ಲ, ಮೀನು ಮಾರಿ ಡಾಂಬರು ತರುವಷ್ಟು ಮಿಗುತ್ತಿರಲಿಲ್ಲ.

ಆ ವರ್ಷ ದಸರೆ ಕಳೆದ ಮೇಲೆ ಪಂಚಾಯ್ತಿಯ ಬಿಲ್ ಕಲೆಕ್ಟರು ಬಣ್ಣದ ಡಬ್ಬಿ ಹಿಡಿದು ಮನೆಮನೆಗೆ ಕೆಂಪು ಅಕ್ಷರದಲ್ಲಿ ನಂಬರು ಬರೆಯುತ್ತ ಬಂದ. ನಮ್ಮದು ಕೊನೆಯ ಮನೆ. ಬರೆದು ಮುಗಿಸಿ ಕುಂಚ ಒರೆಸಿಕೊಳ್ಳುವಾಗ ನಾನೆಂದೆ: "ಇನ್ನೊಂದೈತಿ ನೋಡಪ್ಪ, ಹಿತ್ತಲಾಗ."

ನೀರು ಗೋಡೆಯ ತನಕ ಬಂದಿತ್ತು. ಹಿಂದಿನ ರಾತ್ರಿ ಮಳೆ ಬಂದದ್ದರಿಂದ ಹರಿಗೋಲು ಬೋರಲು ಬಿದ್ದಿತ್ತು. ಅದರ ಕೆಳಗಿಂದ ಆಕೆ ಹೊರಬಂದಳು. ಬಿಲ್ ಕಲೆಕ್ಟರು ಮುಗ್ಧ ಹುಡುಗ, ಮಧ್ಯಾಹ್ನದ ಊಟ ನಮ್ಮಲ್ಲೇ ಮಾಡಿದ್ದ. ತಲೆ ಕೆರೆದುಕೊಂಡು, ಹರಿಗೋಲಿನ ಬೆನ್ನ ಮೇಲೆ ನಮ್ಮ ಮನೆಯ ನಂಬರನ್ನೇ ಬರೆದು, ಗೆರೆ ಎಳೆದು, ಒಂದು 'ಅ' ಸೇರಿಸಿ, ಕೆಳಗೆ ಊರಿನ ಹೆಸರು ಹಾಕಿದ. ತಲಾಟಿಯವರು ಬಂದಾಗ ಅದನ್ನು ತೋರಿಸಿದೆ. ಅವರು ಒಂದು ಸುತ್ತು ಹಾಕಿ, ಎಂದಿನಂತೆ ನಿಟ್ಟುಸಿರು ಬಿಟ್ಟು, ಸಹಿ ಹಾಕಿಕೊಟ್ಟರು.

ಹೀಗೆ ಆಕೆ ನಮ್ಮ ನೆರೆಮನೆಯವಳಾದಳು.

ಪಗಾರ ಬರುವ ದಿನ ಟಪಾಲು ಹಂಚುವವನು ದಂಡೆಯಲ್ಲಿ ನಿಂತು ಟವೆಲ್ ಬೀಸುತ್ತಿದ್ದ. ಆಕೆ ಬರುವ ಮೊದಲು ಹುಣಸೆಹಣ್ಣು ಹಚ್ಚಿ ಹೆಬ್ಬೆಟ್ಟು ತೊಳೆದುಕೊಂಡಿರುತ್ತಿದ್ದಳು, ಗುರುತು ಮೂಡಲಿ ಎಂದು. ಹೆಬ್ಬೆಟ್ಟು ಸ್ವಚ್ಛ, ಸೀರೆಯ ಹಿಂಭಾಗ ಡಾಂಬರು. ಹರಿಗೋಲಿನ ಅಂಚಿನ ಮೇಲೆ ಕೂತು ಕೂತು ಹತ್ತಿದ್ದು, ಮೆಟ್ಟಿಲಿಗೂ ಹತ್ತಿತು. ಎಷ್ಟು ಹೇಳಿದರೂ ಅದೇ ಜಾಗ. ಅಲ್ಲಿಂದ ಮಾತ್ರ ಓಣಿಯ ಸಂದಿಯಲ್ಲಿ ಹರಿಗೋಲು ಕಾಣುತ್ತಿತ್ತು.

ಮೊದಲ ಸಲ ಪಗಾರ ಬಂದಾಗ ಸೆರಗಿನಲ್ಲಿ ಎರಡು ದೊಡ್ಡ ಮೀನು ಮುಚ್ಚಿಕೊಂಡು ಬಂದಿದ್ದಳು. ನಮ್ಮದು ಮೀನು ತಿನ್ನದ ಮನೆ. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು ಒಳಗೆ ಹೋಗಿ ಊದಿನಕಡ್ಡಿ ಹಚ್ಚಿದರು. ಆಕೆಗೆ ತಿಳಿಯಿತು. ಮುಂದಿನ ಸಲದಿಂದ ಮೀನಿನ ಬದಲು ಕಟ್ಟಿಗೆ ತರತೊಡಗಿದಳು, ನೀರಿನಲ್ಲಿ ತೇಲಿ ಬಂದ ಕೊಂಬೆ, ಬೇರು, ಮುರಿದ ಹಲಗೆ. ಒಲೆಗೆ ಹಾಕಿದರೆ ಮನೆ ತುಂಬ ಹೊಗೆ.

"ಹೆಂಗೈತಿ ಕಟ್ಟಿಗಿ?" ಎಂದು ಕೇಳುತ್ತಿದ್ದಳು.

"ಭಾಳ ಛಲೋ ಐತಿ," ಎನ್ನುತ್ತಿದ್ದೆ ಕಣ್ಣೊರೆಸಿಕೊಂಡು.

"ಊದಿನಕಡ್ಡಿಗಿಂತ ಛಲೋ?" ಎಂದು ಒಳಗೆ ಕೇಳುವ ಹಾಗೆ ದನಿ ಏರಿಸುತ್ತಿದ್ದಳು. ಒಳಗಿನಿಂದ ನಮ್ಮ ಮನೆಯವರ ಕೆಮ್ಮು ಬರುತ್ತಿತ್ತು.

ಹೆಚ್ಚು ಮಾತಿನವಳಲ್ಲ. ಬೇಸಿಗೆಯಲ್ಲಿ ನೀರು ದೂರ ಹೋದಾಗ ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದು ಬಂದು, ಕೂತು, ಒಂದು ತಂಬಿಗೆ ನೀರು ಬೇಡಿ ಕುಡಿಯುತ್ತಿದ್ದಳು. ಅಷ್ಟು ನೀರಿನಲ್ಲಿ ಇರುವವಳಿಗೆ ಇಷ್ಟು ನೀರಡಿಕೆ ಹೇಗೆ ಎಂದು ನಾನು ಚೇಷ್ಟೆ ಮಾಡಿದರೆ, "ಮನಿ ದೂರ ಆಗೈತಿ ತಂಗಿ, ಬ್ಯಾಸಗಿ," ಎನ್ನುತ್ತಿದ್ದಳು. ಯಾವಾಗ ಅಕ್ಕಾರ ಹೋಗಿ ತಂಗಿಯಾದೆನೋ ನೆನಪಿಲ್ಲ. ನಾನು ಯಮ್ಮ ಎನ್ನುತ್ತಿದ್ದೆ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಬೇಸಿಗೆ, ಸುಳ್ಳು ವಿಳಾಸ ಕೊಟ್ಟು ಪಗಾರ ತಿನ್ನುವವರು ಬಹಳ ಮಂದಿ ಇದ್ದಾರೆ ಎಂದು ಎಲ್ಲರ ಮನೆ ನೋಡಿ ಬರುವ ಹುಕುಂ ಆಯಿತು. ತಾಲ್ಲೂಕಿನಿಂದ ಒಬ್ಬ ಸಾಹೇಬರು ಬಂದರು. ಊರೆಲ್ಲ ಮುಗಿಸಿ ಆಕೆಯ ಹೆಸರಿಗೆ ಬಂದಾಗ ನಡು ಮಧ್ಯಾಹ್ನ. ನಾನೇ ಕರೆದುಕೊಂಡು ಹೊರಟೆ. ಕೆಸರೊಣಗಿದ ಬಯಲು, ಕಾಲಿಗೆ ಸುಡುವ ನೆಲ, ನೀರು ಇನ್ನೂ ದೂರ. ನಿಮ್ಮ ಮನೆಯ ಪಕ್ಕದ ನಂಬರಲ್ಲವೇ ಇದು ಎಂದು ಸಾಹೇಬರು ದಾರಿಯುದ್ದಕ್ಕೂ ಕೇಳುತ್ತಿದ್ದರು. ನೀರು ಬಂದಾಗ ಪಕ್ಕದ್ದೇ ಆಗುತ್ತದೆ ಎಂದು ಹೇಳಿದೆ. ಅದನ್ನು ಹೇಳುವಾಗ ನನಗೇ ಅದು ಹುರುಳಿಲ್ಲದ ಮಾತಿನಂತೆ ಕೇಳಿಸಿತು.

ಆಕೆ ನಮ್ಮನ್ನು ದೂರದಿಂದಲೇ ನೋಡಿ ಎದ್ದು ನಿಂತಿದ್ದಳು. ಸಾಹೇಬರು ಬರುತ್ತಾರೆಂದು ಟಪಾಲಿನವನು ಹಿಂದಿನ ವಾರ ತಿಳಿಸಿದ್ದ. ಸೀರೆ ತೊಳೆದುಟ್ಟಿದ್ದಳು. ಒಲೆಯ ಸುತ್ತ ನೆಲ ಸಾರಿಸಿದ್ದಳು. ಮನೆ ನೋಡಲು ಬರುತ್ತಾರೆ ಎಂದರೆ ಹೆಂಗಸರು ಏನು ಮಾಡುತ್ತಾರೋ ಅದನ್ನೆಲ್ಲ ಮಾಡಿದ್ದಳು.

"ನಂಬರ್ ಎಲ್ಲೈತಿ, ತೋರಸವ್ವ."

ಹರಿಗೋಲಿನ ಅಂಚು ಹಿಡಿದು ಒಂದೇ ಸಲಕ್ಕೆ ಮಗುಚಿದಳು. ಹೊಸ ಡಾಂಬರು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಬೆನ್ನೆಲ್ಲ ಒಂದೇ ಕಪ್ಪು. ಎಲ್ಲಿಯೂ ಒಂದು ಕೆಂಪು ಗೆರೆಯಿಲ್ಲ.

ಆಕೆಗೆ ಇನ್ನೂ ಏನೂ ತಿಳಿದಿರಲಿಲ್ಲ. ಹೆಮ್ಮೆಯಿಂದಲೇ ನಿಂತಿದ್ದಳು.

"ಎಲ್ಲಿ ನಂಬರು?"

"ಇಲ್ಲೇ ಬುಡಕ ಐತ್ರಿ." ಅಂಗೈಯಿಂದ ಒಂದು ಜಾಗ ಸವರಿದಳು. "ಇಲ್ಲಿ ಎರಡ ಸಲ ಬಳದೀನಿ. ಆ ಕೆಂಪ ಬಣ್ಣ ಬಿರುಕ ಬಿಟ್ಟು ಅಲ್ಲೇ ನೀರ ಬರತಿತ್ತು. ನಿಮ್ಮ ನಂಬರ ಸೋರತಿತ್ರಿ ಸಾಹೇಬ್ರ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಾಹೇಬರಂತೂ ನಗಲಿಲ್ಲ. ನೆರಳಿಲ್ಲದ ಬಯಲಿನಲ್ಲಿ ನಿಂತು ಬೆವರು ಸುರಿಸುತ್ತ, ನಂಬರೂ ಇಲ್ಲ, ಮನೆಯೂ ಇಲ್ಲ, ಹೇಳಿದ ಜಾಗದಲ್ಲಿ ಆಳೂ ಇಲ್ಲ ಎಂದರು. ಆಳು ಅವರ ಮುಂದೆಯೇ ನಿಂತಿತ್ತು. ಎರಡು ತಿಂಗಳು ಕಳೆಯುವುದರೊಳಗೆ ಪಗಾರ ನಿಂತೇಹೋಯಿತು.

ಪಗಾರದಿಂದ ತಂದ ಡಾಂಬರೇ ಪಗಾರವನ್ನು ಅಳಿಸಿತು ಎಂದು ನಮ್ಮ ಮನೆಯವರು ಹೇಳಿದರು. ಅವರು ಹೇಳುವುದು ಕಡಿಮೆ, ಹೇಳಿದರೆ ಹೀಗೆ.

ಮುಂದಿನದು ಅಲೆದಾಟ. ಅದನ್ನೆಲ್ಲ ಬರೆಯಲು ಈಗಲೂ ಕೈ ಬರುವುದಿಲ್ಲ. ಟಪಾಲು ಚೀಲ ಕಟ್ಟಿ ಕಳಿಸಿದ ಮೇಲೆ ಆಕೆಯನ್ನು ಕರೆದುಕೊಂಡು ಕೊಪ್ಪಳಕ್ಕೆ ಹೋಗುತ್ತಿದ್ದೆ. ಬಸ್ಸಿನಲ್ಲಿ ಆಕೆ ಮುಂದಿನ ಸೀಟಿನ ಕಂಬಿಯನ್ನು ಹುಟ್ಟಿನಂತೆ ಎರಡೂ ಕೈಯಲ್ಲಿ ಹಿಡಿದಿರುತ್ತಿದ್ದಳು. ಗಿಣಿಗೇರಾ ಬಂದರೆ ಕಾರ್ಖಾನೆಯ ಹೊಗೆಗೆ ಸೆರಗು ಮೂಗಿಗೆ ಒತ್ತಿಕೊಂಡು, "ಈ ವಾಸನಿಯಾಗ ಮಂದಿ ಹೆಂಗ ಇರತಾರ ತಂಗಿ?" ಎನ್ನುತ್ತಿದ್ದಳು. ಮೂವರು ಕೂರುವ ಸೀಟಿನಲ್ಲಿ ಆಕೆಯ ಇನ್ನೊಂದು ಬದಿ ಕೊಪ್ಪಳದವರೆಗೂ ಖಾಲಿಯೇ ಇರುತ್ತಿತ್ತು. ಕಚೇರಿಯಲ್ಲಿ ಒಬ್ಬರು ರಜೆ, ಒಬ್ಬರು ಊಟಕ್ಕೆ, ಒಬ್ಬರಿಗೆ ಇದು ತಮ್ಮ ಮೇಜಿನದಲ್ಲ. ಕೊನೆಗೆ ಸಿಕ್ಕ ಉತ್ತರ ಇಷ್ಟು: ಪಂಚಾಯ್ತಿಯವರು ಹೊಸ ನಂಬರು ಕೊಡಲಿ, ನೋಡೋಣ.

ಪಂಚಾಯ್ತಿಯಲ್ಲಿ ಆ ಮುಗ್ಧ ಹುಡುಗ ಇರಲಿಲ್ಲ. ಹೊಸ ಬಿಲ್ ಕಲೆಕ್ಟರು ಕಟ್ಟುನಿಟ್ಟಿನವನು.

"ಹರಗೋಲಕ್ಕ ನಂಬರ ಹಾಕಿದ್ದ ತಪ್ಪರಿ. ಮನಿ ಅಂದ್ಮ್ಯಾಲ ಬಾಗಿಲರ ಇರಬೇಕಲ್ಲ? ಬಾಗಿಲ ತೋರಸ್ರಿ, ಈಗಿಂದೀಗ ಬರೀತೀನಿ."

ಹೊರಗೆ ಬೇವಿನ ಗಿಡದ ಕೆಳಗೆ ಕೂತೆವು. ಆಕೆಯನ್ನು ಮೊದಲ ಸಲ ಸೋತಂತೆ ಕಂಡೆ. ಪಗಾರ ನಿಂತು ವರ್ಷ ಕಳೆದಿತ್ತು. ಆ ಬೇಸಿಗೆ ಡಾಂಬರು ಬಳಿಯಲಾಗಿರಲಿಲ್ಲ. ಬೆಳಗ್ಗೆ ಹಿತ್ತಲಿಗೆ ಹೋದರೆ ಆಕೆ ಬೋಗುಣಿಯಿಂದ ಹರಿಗೋಲಿನ ನೀರು ಎತ್ತಿ ಎತ್ತಿ ಹೊರಗೆ ಚೆಲ್ಲುವುದು ಕಾಣುತ್ತಿತ್ತು. ಸಂಜೆಯೂ ಅದೇ. ಕೌದಿ ಯಾವಾಗಲೂ ಗೋಡೆಯ ಮೇಲೆ ಒಣಗುತ್ತಿತ್ತು, ಒಣಗುತ್ತಲೇ ಇರಲಿಲ್ಲ. ಡಾಂಬರು ನಾನು ಕೊಡಿಸುತ್ತೇನೆ ಎಂದಿದ್ದೆ. ಅದಕ್ಕೆ ಆಕೆ ಓಣಿಯ ಕಡೆ ನೋಡಿ, "ಒಂದ ವರ್ಷ ಕೊಡಸ್ತಿ. ಆಮ್ಯಾಲ?" ಎಂದಿದ್ದಳು. ಅಷ್ಟೇ.

"ಯಮ್ಮ," ಎಂದೆ ಬೇವಿನ ಕೆಳಗೆ. "ಮೈದುನನ ಮಗನ ಮನಿಗೆ ಹೋಗಿಬಿಡ್ರಿ. ವಯಸ್ಸಾತು."

ಆಕೆ ಪಂಚಾಯ್ತಿಯ ಕಡೆ ತಿರುಗಿ ಕೇಳಿದಳು: "ಆತ ಏನಂದ? ಬಾಗಿಲಂದನೋ, ಗ್ವಾಡಿನೂ ಅಂದನೋ?"

"ಬಾಗಿಲ ಅಂದ."

"ಗ್ವಾಡಿ ಅನಲಿಲ್ಲ?"

"ಇಲ್ಲ."

"ಹೂಂ," ಎಂದು ಎದ್ದಳು.

ಮೈದುನನ ಮಗ ಆ ವರ್ಷ ಮನೆಗೆ ಕಬ್ಬಿಣದ ಬಾಗಿಲು ಹಾಕಿಸಿದ್ದ. ಹಳೆಯ ಕಟ್ಟಿಗೆಯ ಬಾಗಿಲು ಹಿತ್ತಲಿನಲ್ಲಿ ಬಿದ್ದಿತ್ತು. ಈಕೆ ಹೋಗಿ ಅದನ್ನು ಕೇಳಿದಳಂತೆ. ಅವನು ನಮ್ಮ ಪಡಸಾಲೆಗೇ ಬಂದು ಹೇಳಿದ: "ನೋಡ್ರಿ ಅಕ್ಕಾರ, ಇಷ್ಟ ವರ್ಷ ಮನಿಗೆ ಬಾ ದೊಡ್ಡವ್ವ ಅಂದೆ, ಬರಲಿಲ್ಲ. ಈಗ ಬಂದು ಬಾಗಿಲ ಒಯ್ದಳು." ಅವನ ದನಿಯಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು. ಬಾಗಿಲನ್ನು ಹೊತ್ತು ನೀರಿನ ತನಕ ಮುಟ್ಟಿಸಿದವನೂ ಅವನೇ.

ಬಿಲ್ ಕಲೆಕ್ಟರಿಗೆ ಆಡಿದ ಮಾತು ತಪ್ಪುವ ಹಾಗಿರಲಿಲ್ಲ. ಮಂದಿ ನೋಡುತ್ತಿದ್ದರು. ಬಾಗಿಲಿನ ಮೇಲೆ ನಮ್ಮ ನಂಬರು, ಗೆರೆ, 'ಅ', ಊರಿನ ಹೆಸರು ಬರೆದುಕೊಟ್ಟ. ಸಾಹೇಬರು ಮತ್ತೆ ನೋಡಲು ಬರಬೇಕಾಯಿತು. ಈ ಸಲ ನೀರು ತುಂಬಿತ್ತು, ಹಿತ್ತಲ ದಾಟಿದರೆ ಸಾಕು. ಆಕೆ ಹರಿಗೋಲನ್ನು ಬೋರಲು ಹಾಕಿ, ಒಂದು ಕಡೆ ಹುಟ್ಟಿನಿಂದ ಎತ್ತಿ ನಿಲ್ಲಿಸಿ, ತೆರೆದ ಬಾಯಿಗೆ ಬಾಗಿಲನ್ನು ಅಡ್ಡ ಇಟ್ಟಿದ್ದಳು. ಒಳಗಿದ್ದಳು. ಹೊರಗಿನಿಂದ ಕಾಣುವುದು ಬಾಗಿಲು, ಅದರ ಹಿಂದೆ ಒಂದು ಕಪ್ಪು ಗುಡ್ಡೆ.

"ಎಲ್ಲಿ ಅಕಿ?" ಎಂದರು ಸಾಹೇಬರು.

"ಒಳಗದಾರ್ರಿ. ಬಾಗಿಲ ಬಡೀರಿ," ಎಂದೆ.

ಸಾಹೇಬರು ನನ್ನ ಮುಖ ನೋಡಿದರು. ದಂಡೆಯಲ್ಲಿ ಹತ್ತಾರು ಮಂದಿ ಕೂಡಿದ್ದರು. ಯಾರೂ ನಗಲಿಲ್ಲ, ಎಲ್ಲರೂ ಬಿಗಿಹಿಡಿದಿದ್ದರು. ಸಾಹೇಬರು ಬಾಗಿ ಎರಡು ಬೆರಳಿನಿಂದ ಬಾಗಿಲು ಬಡಿದರು.

"ಯಾರ್ರಿ?" ಒಳಗಿನಿಂದ ದನಿ ಬಂತು.

"ತಾಲ್ಲೂಕ ಆಫೀಸಿಂದ ಬಂದೀನವ್ವ."

"ಬರ್ರಿ, ಬರ್ರಿ," ಎನ್ನುತ್ತ ಆಕೆ ಬಾಗಿಲನ್ನು ಪಕ್ಕಕ್ಕೆ ಸರಿಸಿದಳು. "ಚಪ್ಪಲಿ ಹೊರಗ ಬಿಟ್ಟು ಬರ್ರಿ."

ಸಾಹೇಬರು ಒಳಗೆ ಹೋಗಲಿಲ್ಲ. ಚಪ್ಪಲಿಯನ್ನು ಮಾತ್ರ ಬಿಟ್ಟರು. ಯಾಕೆ ಬಿಟ್ಟರೋ, ಅಭ್ಯಾಸ. ಬರಿಗಾಲಿನಲ್ಲಿ ಕೆಸರಿನಲ್ಲಿ ನಿಂತು ನಂಬರು ಗುರುತು ಮಾಡಿಕೊಂಡರು. ಹಿಂದಿನ ಸಲದ ಸಾಹೇಬರೇ ಅವರು. ಹೋಗುವಾಗ ನನ್ನ ಹತ್ತಿರ ಮೆಲ್ಲಗೆ, "ಇದಕ್ಕರ ಡಾಂಬರ ಬಳಿಬ್ಯಾಡ ಅಂತ ಹೇಳ್ರಿ," ಎಂದರು.

ಪಗಾರ ತಿರುಗಿ ಶುರುವಾಗಲು ಮತ್ತೊಂದು ಬೇಸಿಗೆ ಹಿಡಿಯಿತು. ಬಂತು. ಹರಿಗೋಲು ಮತ್ತೆ ಫಳಫಳ ಹೊಳೆಯಿತು. ಬಾಗಿಲು ಆಕೆಯ ಜೊತೆಗೇ ದಂಡೆಯಿಂದ ದಂಡೆಗೆ ತಿರುಗುತ್ತಿತ್ತು. ನೀರಿನ ಮೇಲಿದ್ದಾಗ ಅದನ್ನು ಹರಿಗೋಲಿನ ಒಳಗೆ ಹಾಸಿ ಅದರ ಮೇಲೆ ಮಲಗುತ್ತಿದ್ದಳು, ಮಳೆ ಬಂದರೆ ಗಾಳಿಗೆ ಅಡ್ಡ ಇಡುತ್ತಿದ್ದಳು. "ಬಾಗಿಲಕ್ಕೂ ಉಪಯೋಗ ಐತಿ ತಂಗಿ. ಗೊತ್ತ ಇದ್ದಿದ್ದಿಲ್ಲ," ಎಂದು ಒಮ್ಮೆ ಒಪ್ಪಿಕೊಂಡಳು. ಆಷಾಢದಲ್ಲಿ ಆ ದಂಡೆಗೆ ಹೋದಾಗಲೂ ನಮ್ಮ ಮನೆಯ ನಂಬರು ಆಕೆಯ ಬೆನ್ನಿನ ಕೆಳಗೆ ಬಳ್ಳಾರಿ ಜಿಲ್ಲೆಗೆ ಹೋಗಿ ಬರುತ್ತಿತ್ತು.

ಅಷ್ಟು ಕಷ್ಟಪಟ್ಟು ಪಡೆದದ್ದನ್ನು ಬಹಳ ವರ್ಷ ಉಂಡಳು ಎಂದು ಹೇಳಲಾರೆ. ಒಂದು ಸಂಕ್ರಾಂತಿ ಕಳೆದ ಮೇಲೆ ಟಪಾಲಿನವನು ದಂಡೆಯಲ್ಲಿ ನಿಂತು ಟವೆಲ್ ಬೀಸಿದ. ಹರಿಗೋಲು ಎದುರಿಗೇ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ನಿಂತಿತ್ತು. ಯಾರೂ ಏಳಲಿಲ್ಲ. ಅವನು ಮೊಣಕಾಲು ನೀರಿನಲ್ಲಿ ಹೋಗಿ ಇಣುಕಿ ನೋಡಿ, ಹಾಗೇ ಹಿಂದೆ ಬಂದು ನಮ್ಮ ಮೆಟ್ಟಿಲ ಮೇಲೆ, ಆ ಕಲೆಯ ಪಕ್ಕದಲ್ಲಿ ಕೂತ. ನಾನು ಮೇಜಿನ ಮೇಲೆ ತೆರೆದಿಟ್ಟಿದ್ದ ಮಸಿಯ ಡಬ್ಬಿ ಮುಚ್ಚಿದೆ.

ಮೈದುನನ ಮಗ ಬಂದ. ಎಲ್ಲ ಅವನೇ ಮಾಡಿದ, ಕೊರತೆಯಾಗದಂತೆ ಮಾಡಿದ. ಚಟ್ಟ ಕಟ್ಟಲು ಹೋದವರಿಗೆ ಅವನೇ ಬೇಡವೆಂದ. ಆಕೆ ಮಲಗಿದ್ದ ಬಾಗಿಲಿನ ಸಮೇತ ಎತ್ತಿ, ಅದರ ಮೇಲೆಯೇ ಹೊತ್ತುಕೊಂಡು ಹೋದರು. ನಮ್ಮ ಮನೆಯ ಮುಂದೆ ಹಾದುಹೋಗುವಾಗ ಹೂವಿನ ಹಾರದ ಸಂದಿಯಲ್ಲಿ ಕೆಂಪು 'ಅ' ಕಾಣುತ್ತಿತ್ತು. ಮಣ್ಣು ಮಾಡಿ ಬಂದ ಮೇಲೆ ಬಾಗಿಲನ್ನು ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಹೆಣ ಹೊತ್ತದ್ದನ್ನು ಮನೆಗೆ ಒಯ್ಯುವಂತಿಲ್ಲ. ಸುಡಲು ಅವನಿಗೆ ಮನಸ್ಸಾಗಲಿಲ್ಲ. "ನಿಮ್ಮ ನಂಬರ ಐತ್ರಿ ಅಕ್ಕಾರ," ಎಂದು ತಲೆ ತಗ್ಗಿಸಿ ನಮ್ಮ ಹಿತ್ತಲ ಗೋಡೆಗೆ ಆನಿಸಿಟ್ಟು ಹೋದ. ಹರಿಗೋಲು ಅವನ ಹತ್ತಿರವೇ ಇದೆ. ಮಾರಲಿಲ್ಲ. ಪ್ರತಿ ಬೇಸಿಗೆ ಡಾಂಬರು ಬಳಿಯುತ್ತಾನೆ.

ಬಾಗಿಲು ಅಲ್ಲೇ ನಿಂತಿತ್ತು. ನಾಲ್ಕಾರು ವರ್ಷ ಮಳೆ ಸರಿಯಾಗಲಿಲ್ಲ, ನೀರು ಗೋಡೆಯ ತನಕ ಬರಲೇ ಇಲ್ಲ. ಹೋದ ವರ್ಷ ತುಂಬಿ ಬಂತು. ಅದರ ಜೊತೆ ಕಾಲವಲ್ಲದ ಕಾಲದಲ್ಲಿ ಗಾಳಿಯೂ ಎದ್ದಿತು. ಬೆಳಗ್ಗೆ ಹಿತ್ತಲಿಗೆ ಹೋದರೆ ಗೋಡೆಯ ಬದಿಗೆ ಬರೀ ನೀರು. ನಮ್ಮ ಮನೆಯವರು ಕಟ್ಟಿಗೆಯಾದರೂ ಆಗುತ್ತಿತ್ತು ಎಂದರು. ಆಮೇಲೆ, ಹೊಗೆ ಬಹಳ ಆಗುತ್ತಿತ್ತು ಬಿಡು ಎಂದು ತಾವೇ ಹೇಳಿದರು.

ವಾರ ಕಳೆದಿರಬೇಕು. ಟಪಾಲಿನವನ ಮೊಬೈಲಿಗೆ ಆ ದಂಡೆಯ ಮೀನುಗಾರನೊಬ್ಬ ಫೋನು ಮಾಡಿದ. ಇವನು ಮಾತು ಕೇಳಿ, ಫೋನನ್ನು ನನ್ನ ಕೈಗೆ ಕೊಟ್ಟ.

"ಅಕ್ಕಾರ, ನಿಮ್ಮೂರ ಹೆಸರಿಂದು ಒಂದ ಬಾಗಿಲ ಬಂದು ನಮ್ಮ ದಂಡಿಗೆ ಕುಂತೈತ್ರಿ. ನಂಬರ ಐತಿ. ಯಾರ ಮನಿದು?"

ಯಾರದೆಂದು ಹೇಳಿದೆ. ಅವನ ಹಿಂದೆ ಅಲೆಯ ಸದ್ದು ಕೇಳುತ್ತಿತ್ತು. ಆ ದಂಡೆ ಈಗ ಬಳ್ಳಾರಿ ಜಿಲ್ಲೆಯಲ್ಲ, ಅದಕ್ಕೂ ಹೊಸ ಜಿಲ್ಲೆಯಾಗಿದೆ. ಆಕೆ ಇದ್ದಿದ್ದರೆ ಇದಕ್ಕೇನನ್ನುತ್ತಿದ್ದಳೋ.

"ಹರಗೋಲವ್ವಂದಾ," ಎಂದ ಕೊನೆಗೆ. "ಒಯ್ಯಾಕ ಯಾರರ ಬರತಾರೇನ್ರಿ?"

"ಯಾರೂ ಬರಂಗಿಲ್ಲಪ್ಪ," ಎಂದೆ. "ಅಲ್ಲೇ ಇರ್ಲಿ ಬಿಡು. ಗಾಳಿ ತಿರುಗಿದ್ರ ತಾನ ಬರತೈತಿ."